ಒಟಿಯೆನೊನ ಸಹಿಗಾಗಿ ಮೂರು ತಾಲ್ಲೂಕು

ಎಪ್ಪತ್ತರ ದಶಕದ ಒಂದು ಜನವರಿಯ ಬೆಳಿಗ್ಗೆ ವಿಜಾಪುರದಲ್ಲಿ ಇಂಡಿಗೆ ಹೋಗುವ ಬಸ್ಸು ಹತ್ತಿದೆ. ಚೀಲದಲ್ಲಿ ಸಹಿಯೊಂದೇ ಬಾಕಿಯಿದ್ದ ಪರೀಕ್ಷಾ ಅರ್ಜಿಯಿತ್ತು. ಅದಕ್ಕೆ ಸಹಿ ಹಾಕಬೇಕಾದ ಒಟಿಯೆನೊ ಕೀನ್ಯಾದಿಂದ ಬಂದವನು, ಬಿ.ಎ. ಕೊನೆಯ ವರ್ಷ, ನಾನು ಅವನ ಹಾಸ್ಟೆಲಿನ ಮೇಲ್ವಿಚಾರಕ. ಮರುದಿನವೇ ಕಡೆಯ ದಿನ. ಅವನೋ, ಕೋಣೆಯ ಗೆಳೆಯ ಮಲ್ಲಪ್ಪನ ಜೊತೆ ಎಳೆ ಜೋಳದ ತೆನೆ ಸುಟ್ಟ ಸೀತನಿ ತಿನ್ನಲು ಹೋದವನು ವಾರವಾದರೂ ಪತ್ತೆಯಿಲ್ಲ. ಮಲ್ಲಪ್ಪ ತನ್ನ ಅರ್ಜಿ ಮೊದಲೇ ತುಂಬಿ ಹೋಗಿದ್ದ, ಜಾಣ. ಬೆಂಗಳೂರು, ಧಾರವಾಡಗಳಲ್ಲಿ ಹೊರದೇಶದ ಹುಡುಗರು ಪದವಿ ಪಡೆದು ಮರಳುತ್ತಿದ್ದರು. ನಮ್ಮಲ್ಲಿಗೆ ಬಂದ ಮೂವರೂ ಬರಿಗೈಯಲ್ಲಿ ಹೋಗಿದ್ದರು. ನಾಲ್ಕನೆಯವನನ್ನೂ ಹಾಗೆ ಕಳಿಸಲು ನನಗೆ ಮನಸ್ಸಿರಲಿಲ್ಲ.

ಎರಡು ರೂಪಾಯಿ ಚಿಲ್ಲರೆಯ ಟಿಕೆಟ್ಟಿನಲ್ಲಿ ಇಂಡಿ, ಅಲ್ಲಿಂದ ಮಲ್ಲಪ್ಪನ ಊರು ಅಗರಖೇಡ. ಮಲ್ಲಪ್ಪನ ತಂದೆ ನೀರು ಕೊಟ್ಟು ನಕ್ಕರು.

“ಕನ್ನೊಳ್ಳಿಗೆ ನಮ್ಮ ತಂಗಿ ಮನಿಗೆ ಹೋಗ್ಯಾರ್ರಿ. ನಮ್ಮ ಹೊಲದಾಗ ತಿಂದು ಅಕಿ ಹೊಲ ಬಿಟ್ರ ಸಿಟ್ಟಾಗ್ತಾಳ್ರಿ.”

ಸಿಂದಗಿ ಹಾದಿಯ ಧೂಳು ಕುಡಿದು ಕನ್ನೊಳ್ಳಿ ಮುಟ್ಟಿದರೆ ಆ ತಂಗಿ, “ಮುಂಜಾನೇನ ಗೊಳಸಂಗಿಗೆ ಹ್ವಾದ್ರಲ್ರಿ. ಮಲ್ಲಪ್ಪನ ತಾಯಿ ತವರಮನಿ ಅದು, ಬಿಡಾಕ ಬರ್ತೈತೇನ್ರಿ?” ಎಂದರು. ಅತಿಥಿಯನ್ನು ಬೀಗರಿಂದ ಬೀಗರಿಗೆ ದಾಟಿಸುವ ಈ ಪ್ರೀತಿಯನ್ನು ಬೈಯುವುದು ಹೇಗೆ? ಅವರು ಬಡಿಸಿದ ರೊಟ್ಟಿ, ಶೇಂಗಾ ಹಿಂಡಿ ಹೊಟ್ಟೆ ತುಂಬ ಉಂಡು, ಮನಸ್ಸಿನಲ್ಲೇ ಬೈದೆ.

ರಾತ್ರಿ ಅಲ್ಲೇ ಕಳೆದು, ಮರುದಿನ ಬೆಳಿಗ್ಗೆ ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಗೊಳಸಂಗಿಯ ಹೊಲಕ್ಕೆ ಹೋದೆ. ಒಟಿಯೆನೊ ಮಲ್ಲಪ್ಪನ ಪಕ್ಕ ಕೂತು ಬೂದಿಗೈಯಲ್ಲಿ ತೆನೆ ತಿಕ್ಕುತ್ತಿದ್ದ. ನನ್ನನ್ನು ಕಂಡು ತಲೆ ತಗ್ಗಿಸಿದ.

“ಇವತ್ತ ಕಡೇ ದಿನ ಅಂತ ಗೊತ್ತೈತ್ರಿ, ಸರ್. ಮೊದಲ ಬಂದ ಆ ಮೂರು ಮಂದಿಗೇ ಆಗಲಿಲ್ಲ. ನಾ ಎಲ್ಲಿ ಪಾಸಾಗ್ತೇನ್ರಿ?”

ಸಿಟ್ಟು ಇಳಿದು ಸಂಕಟವಾಯಿತು. ನಾನು ಚೀಲದಿಂದ ಅರ್ಜಿ ತೆಗೆಯುವಷ್ಟರಲ್ಲಿ ಮಲ್ಲಪ್ಪನ ಅಜ್ಜಿ ಎದ್ದು ನಿಂತಳು.

“ಸಾಲಿ ಕಲೀಲಿ ಅಂತ ನಿಮ್ಮವ್ವ ಸಮುದ್ರ ದಾಟಿಸಿ ಕಳಸ್ಯಾಳ. ಜ್ವಾಳ ತಿಂದು ಬಂದ ಅಂತ ಅಕಿಗೆ ಹೇಳೂದೇನು? ಮಾಡೋ ಸಹಿ!”

ಮೊರ ಬೋರಲು ಹಾಕಿ, ಅದರ ಮೇಲೆ ಅರ್ಜಿಯಿಟ್ಟು ಸಹಿ ಮಾಡಿದ. ಕಾಗದದ ಮೂಲೆಗೆ ಬೂದಿಯ ಹೆಬ್ಬೆಟ್ಟೂ ಬಿತ್ತು.

ಅಜ್ಜಿಯೂ ರಸ್ತೆಯವರೆಗೆ ಬಂದಳು; ಮುದ್ದೇಬಿಹಾಳದಿಂದ ವಿಜಾಪುರಕ್ಕೆ ಹೊರಟ ಬಸ್ಸು ಅಲ್ಲೇ ಸಿಕ್ಕಿತು. ಕಚೇರಿ ಮುಚ್ಚುವ ಮೊದಲು ಮುಟ್ಟುತ್ತೇವೆಂದು ಧೈರ್ಯ ಬಂತು. ಮಲ್ಲಪ್ಪನೂ ಸೇರಿ ನಾವು ಮೂವರೂ ಹತ್ತಿ ಕೂತೆವು. “ಇತಿಹಾಸದ ಪಾಠ ಇವತ್ತ ಸಂಜಿಗೇ ಸುರು ಮಾಡೂಣ್ರಿ, ಸರ್” ಎಂದ ಒಟಿಯೆನೊ. ಅಜ್ಜಿ ಕಿಟಕಿಯ ಹತ್ತಿರ ಬಂದು, ಅವನಿಗಲ್ಲ, ನನಗೆ ಬೆರಳು ತೋರಿಸಿದಳು.

“ಮಾಸ್ತರ, ಈ ಹುಡುಗ ಪಾಸಾಗಲಿಲ್ಲಂದ್ರ ನಾ ನಿಮ್ಮನ್ನ ಕೇಳಾಕಿ!”

“ಕೇಳ್ರಿ, ಅಮ್ಮಾ” ಎಂದೆ. ಹಿಂದಿನ ಮೂವರ ಬಗ್ಗೆ ನಮ್ಮನ್ನು ಯಾರೂ ಹಾಗೆ ಕೇಳಿರಲಿಲ್ಲ.