ಡೆಲ್ಫಾ ನೇಪಿಯರ್ ರಾಜಧಾನಿಗೆ ಹೋದದ್ದು

ಡೆಲ್ಫಾಳ ಮುತ್ತಜ್ಜಿ ಓರ್ಲೀನಾ ನೇಪಿಯರ್ ಹೇಸರಗತ್ತೆ ಏರಿ, ಉಕ್ಕುವ ಹೊಳೆ ದಾಟಿ, ಮುನ್ನೂರು ಚಿಲ್ಲರೆ ಹೆರಿಗೆ ಮಾಡಿಸಿದ ಸೂಲಗಿತ್ತಿ. ತಾಯಿಯೋ ಕೂಸೋ ಎಂಬ ಗಳಿಗೆ ಬಂದರೆ ಯಾರ ಅಪ್ಪಣೆಗೂ ಕಾಯದೆ ತಾಯಿಯನ್ನು ಉಳಿಸಿದವಳು. ಅಜ್ಜ ಹೋಬರ್ಟ್ ಕಲ್ಲಿದ್ದಲು ಗಣಿಯ ಮುಷ್ಕರದಲ್ಲಿ ಒಂದು ಕಣ್ಣು ಕಳೆದುಕೊಂಡರೂ ಕಂಪನಿಯ ರಾಜಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಲಿಲ್ಲ. ಡೆಲ್ಫಾ ಅಂಥವರ ಕುಡಿ. ಅಮೆರಿಕದ ಕೆಂಟಕಿ ರಾಜ್ಯದ ಪೂರ್ವಕ್ಕಿರುವ ಗುಡ್ಡದ ತಿರುವುಗಳಲ್ಲಿ ಹನ್ನೊಂದು ವರ್ಷದಿಂದ ಶಾಲೆಯ ಬಸ್ಸು ಓಡಿಸುತ್ತಿದ್ದಳು.

ಮೂವತ್ತನಾಲ್ಕನೆಯ ವಯಸ್ಸಿಗೆ ಬಸಿರಾದಳು. ಐದನೇ ತಿಂಗಳಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರಮ್ಮ, ಕೂಸಿಗೆ ಮೂತ್ರಪಿಂಡಗಳೇ ಇಲ್ಲ, ಶ್ವಾಸಕೋಶ ಬಲಿಯುವುದಿಲ್ಲ, ಹುಟ್ಟಿ ಒಂದೆರಡು ಗಂಟೆ ಉಸಿರಾಡಿದರೆ ಹೆಚ್ಚು ಎಂದಳು. ಗರ್ಭ ತೆಗೆಸಲು ಮಾತ್ರ ರಾಜ್ಯದ ಕಾನೂನು ಬಿಡದು. ತಾಯಿಯ ಜೀವಕ್ಕೇ ಕುತ್ತು ಬಂದರಷ್ಟೇ ಬಿಡುತ್ತದೆ. ಬದುಕಲಾರದ ಕೂಸಿನ ತಾಯಿಗೂ ವಿನಾಯಿತಿ ಕೊಡುವ ಮಸೂದೆಯೊಂದು ಆಗ ಶಾಸಕರ ಸಮಿತಿಯ ಮುಂದಿತ್ತು. ಡೆಲ್ಫಾ ರಜೆ ಹಾಕಿ ರಾಜಧಾನಿಗೆ ಹೋದಳು.

ಸಮಿತಿಯ ಮುಂದೆ ಮಾತಾಡಲು ಒಬ್ಬೊಬ್ಬರಿಗೆ ಎರಡೇ ನಿಮಿಷ.

"ಗರ್ಭ ತೆಗೆಸಬಾರದು ಅನ್ನೋ ಈ ಕಾನೂನು ಬರ್ಲಿ ಅಂತ ಚರ್ಚಲ್ಲಿ ಸಹಿ ಹಾಕಿದೋರಲ್ಲಿ ನಾನೂ ಒಬ್ಳು," ಎಂದಳು. "ಹಿಂಗೂ ಆಗತ್ತೆ ಅಂತ ಗೊತ್ತಿರ್ಲಿಲ್ಲ. ಹೆಣ್ಣೋ ಗಂಡೋ ಅಂತ ಬಸ್ಸಿನ ಮಕ್ಕಳು ದಿನಾ ಕೇಳ್ತವೆ. ನಾನು ಶವದ ಪೆಟ್ಟಿಗೆ ಅಳತೆ ವಿಚಾರಿಸ್ಕೊಂಡು ಬಂದಿದೀನಿ."

ಗಂಟೆ ಹೊಡೆಯಿತು. ಸಮಿತಿ ಮಸೂದೆಯನ್ನು ಮತಕ್ಕೂ ಹಾಕದೆ ಎದ್ದುಹೋಯಿತು. ಆ ವರ್ಷಕ್ಕೆ ಅದರ ಕಥೆ ಮುಗಿದಂತೆಯೇ.

ಹೊರಗೆ ಪಡಸಾಲೆಯಲ್ಲಿ ವೆಂಡೆಲ್ ಅಡ್ಡ ಬಂದ. ಅವಳ ಚರ್ಚಿನವನೇ. ಅವಳೇ ಮತ ಹಾಕಿ ಗೆಲ್ಲಿಸಿದ ಶಾಸಕ, ಆ ಸಮಿತಿಯಲ್ಲೂ ಇದ್ದವನು.

"ಊಟ ಆಯ್ತೇನಮ್ಮಾ, ತಂಗಿ?"

"ನಿಮ್ಮ ಸಮಿತಿ ಬಡಿಸಿದ್ದೇ ಇನ್ನೂ ಅರಗಿಲ್ಲ ಅಣ್ಣ."

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಪಕ್ಕದ ಇಲಿನಾಯ್ ರಾಜ್ಯದಲ್ಲಿ ಇದಕ್ಕೆ ಕಾನೂನಿನ ಅಡ್ಡಿ ಇಲ್ಲ, ಒಳ್ಳೇ ಡಾಕ್ಟರು ಇದಾರೆ. ಹೋದ ವರ್ಷ ನನ್ನ ಸೊಸೆಗೂ ಹಿಂಗೇ ಆಗಿತ್ತು. ಕಾರು, ಖರ್ಚು ಎಲ್ಲಾ ನನ್ನದು. ಊರಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗಲ್ಲ."

ಡೆಲ್ಫಾಳಿಗೆ ಹೂಂ ಎನ್ನುವ ಆಸೆ ಗಂಟಲವರೆಗೆ ಬಂತು. ಬೆನ್ನು ಒಡೆದುಹೋಗುತ್ತಿತ್ತು. ಇನ್ನೂ ನಾಲ್ಕು ತಿಂಗಳು ಹೊರಬೇಕು. ಗೋಡೆಗೆ ಕೈ ಊರಿ ಸುಧಾರಿಸಿಕೊಂಡಳು.

"ಸೊಸೆಗೆ ಕಾರು, ನಮಗೆ ಕಾನೂನಾ ಅಣ್ಣ? ನಾನು ಕದ್ದು ಹೋಗಿ ಬಂದ್ರೆ ನಿಮಗೆ ಸಲೀಸು. ನಿಮ್ಮ ಕಾರು ಬೇಡ. ನಾಳೆಯಿಂದ ಈ ಹೊಟ್ಟೆ ಹೊತ್ಕೊಂಡೇ ಬಸ್ಸು ಓಡಿಸ್ತೀನಿ, ಕೇಳಿದೋರಿಗೆಲ್ಲ ಇದ್ದದ್ದು ಇದ್ದಂಗೆ ಹೇಳ್ತೀನಿ. ಕೂಸಿನ ಮಣ್ಣಿಗೆ ಬನ್ನಿ, ಎಲ್ಲರಿಗಿಂತ ಮುಂದೆ ನಿಂತ್ಕೊಳ್ಳಿ. ಸನಿಕೆ ಮಾತ್ರ ತರಬೇಡಿ. ಗುಂಡಿ ನಾವೇ ತೋಡ್ಕೋತೀವಿ."