ಸೆವ್ರಿನ್ ಮಾವ್ಶಿಯ ಕಿಟಕಿಯ ಭತ್ತ

ಹೊಸ ಭತ್ತದ ಕಾಳನ್ನು ಹೆಬ್ಬೆರಳಿನ ಉಗುರಿನಿಂದ ಸುಲಿದರೆ ಒಂದು ವಾಸನೆ ಬರುತ್ತದೆ. ಹಸಿ ಹುಲ್ಲಿನದ್ದಲ್ಲ, ಅಕ್ಕಿಯದ್ದೂ ಅಲ್ಲ. ಎರಡರ ನಡುವಿನದ್ದು, ಸ್ವಲ್ಪ ಹಾಲಿನ ವಾಸನೆ ಸೇರಿದ್ದು. ಕಾಳು ಒಣಗಿದ ಮೇಲೆ ಅದು ಉಳಿಯುವುದಿಲ್ಲ. ಸೆಪ್ಟೆಂಬರಿನಲ್ಲಿ ಬರುವ ಮರಿಯಮ್ಮನ ಹುಟ್ಟುಹಬ್ಬವನ್ನು ನಾವು ಮೊಂತಿ ಫೆಸ್ತ್ ಎನ್ನುತ್ತೇವೆ. ಆ ಬೆಳಿಗ್ಗೆ ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿದ ಭತ್ತದ ಕದಿರನ್ನು ಮನೆಗೊಂದರಂತೆ ಕೊಡುತ್ತಾರೆ. ನಾನು ಈಗ ಇರುವುದು ಕಾವೂರಿನಲ್ಲಾದರೂ ಆ ಒಂದು ದಿನ ಜೆಪ್ಪುವಿಗೇ ಹೋಗುತ್ತೇನೆ. ಕದಿರು ಹಿಡಿದು ಹೊರಗೆ ಬಂದವನು ಒಂದು ಕಾಳು ಸುಲಿದು ಮೂಸುತ್ತೇನೆ. ಅರುವತ್ತು ದಾಟಿದವನೊಬ್ಬ ರಸ್ತೆ ಬದಿಯಲ್ಲಿ ನಿಂತು ಭತ್ತ ಮೂಸುವುದನ್ನು ನೋಡಿ ಈ ವರ್ಷ ರಿಕ್ಷಾದವನೊಬ್ಬ, "ಎಂತ ಸರ್, ಅಕ್ಕಿ ಒಳ್ಳೆದುಂಟಾ?" ಎಂದು ಕೇಳಿದ. ಒಳ್ಳೆದುಂಟು ಎಂದೆ. ಅವನಿಗೆ ಅಷ್ಟು ಉತ್ತರ ಸಾಕಿತ್ತು.

ಆ ವಾಸನೆ ಬಂದರೆ ನನಗೆ ಮಾಂಯ್ ಮನೆ ಕಾಣುತ್ತದೆ. ಮಾಂಯ್ ಎಂದರೆ ನನ್ನ ಅಮ್ಮನ ತಾಯಿ; ಮಕ್ಕಳು ಮೊಮ್ಮಕ್ಕಳೆಲ್ಲ ಅವಳನ್ನು ಕರೆಯುತ್ತಿದ್ದುದು ಹಾಗೆಯೇ. ಅಪ್ಪ ಮುಂಬೈಯಲ್ಲಿ ಕೆಲಸಕ್ಕಿದ್ದರು. ಅಮ್ಮ ಇಲ್ಲಿ ಶಾಲೆಯಲ್ಲಿ ಟೀಚರ್. ಹಾಗಾಗಿ ನಾನು ಬೆಳೆದದ್ದು ಜೆಪ್ಪುವಿನ ಆ ಹಂಚಿನ ಮನೆಯಲ್ಲಿ. ನಾಲ್ಕು ಮೆಟ್ಟಿಲು ಹತ್ತಿದರೆ ಮರದ ಸರಳಿನ ಜಗಲಿ, ಒಳಗೆ ಕೆಂಪು ಕಾವಿಯ ನೆಲ, ಎದುರಿಗೆ ಸಣ್ಣ ದೀಪ ಉರಿಯುವ ದೇವರ ಪೀಠ, ಅಂದರೆ ಅಲ್ತಾರ್. ನೆಲ ಎಷ್ಟು ನುಣುಪಾಗಿತ್ತೆಂದರೆ ಬೇಸಿಗೆಯ ಮಧ್ಯಾಹ್ನ ಅಂಗಿ ತೆಗೆದು ಮಲಗಿದರೆ ಬೆನ್ನು ಅಂಟಿಕೊಳ್ಳುತ್ತಿತ್ತು. ಬೆಳಿಗ್ಗೆ ಹಂಚಿನ ಕಾರ್ಖಾನೆಯ ಸೈರನ್, ಸಂಜೆ ನೇತ್ರಾವತಿಯ ಸೇತುವೆ ದಾಟುವ ರೈಲಿನ ಸದ್ದು. ಇವೆರಡರ ನಡುವೆ ಕಡೆಯುವ ಕಲ್ಲಿನ ಮೇಲೆ ಮಾಂಯ್ ಮಸಾಲೆ ಅರೆಯುವ ಶಬ್ದ. ತೆಂಕು ಬದಿಯಲ್ಲಿ ಒಂದು ಕೋಣೆ ಇತ್ತು. ಮಂಚದ ಕೆಳಗೆ ತಗಡಿನ ಪೆಟ್ಟಿಗೆ, ಗೋಡೆಗೆ ನರ್ಸಿನ ಟೊಪ್ಪಿ ಹಾಕಿದ ಹುಡುಗಿಯ ಫೋಟೊ. ಅಲ್ಲಿ ಯಾರೂ ಮಲಗುತ್ತಿರಲಿಲ್ಲ. ನೆಂಟರು ಬಂದರೆ ಜಗಲಿಯಲ್ಲಿ ಚಾಪೆ ಹಾಸುತ್ತಿದ್ದರೇ ಹೊರತು ಆ ಕೋಣೆಯ ಬಾಗಿಲು ತೆಗೆಯುತ್ತಿರಲಿಲ್ಲ. ಅದು ಸೆವ್ರಿನ್ ಮಾವ್ಶಿಯ ಕೋಣೆ.

ಸೆವ್ರಿನ್ ಮಾವ್ಶಿ ಅಮ್ಮನ ತಂಗಿ. ಇಪ್ಪತ್ತಮೂರನೇ ವಯಸ್ಸಿನಲ್ಲಿ ಕಾನ್ವೆಂಟಿನ ಸಿಸ್ಟರುಗಳ ಮೂಲಕ ಜರ್ಮನಿಯ ಒಂದು ಆಸ್ಪತ್ರೆಗೆ ಹೋದವಳು. ಮೂರು ವರ್ಷಕ್ಕೆಂದು ಹೋದದ್ದು. ಮೂರು ಆರಾಯಿತು, ಆರು ಹನ್ನೆರಡಾಯಿತು. ಮದುವೆಯಾಗಲಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ಹೋಗುತ್ತಿದ್ದಳು. ಅವಳ ಹೆಸರು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಹಿಂದೆಯೇ ಒಂದು ಮಾತು ಬರುತ್ತಿತ್ತು: ಪಾಪ. ಪಾಪ, ಒಬ್ಬಳೇ. ಪಾಪ, ಆ ಚಳಿಯಲ್ಲಿ. ಪಕ್ಕದ ಮನೆಯ ಕಮಲಕ್ಕ ಬೇಲಿಯಾಚೆ ನಿಂತು, ಪಾಪ, ಅಲ್ಲಿ ಬಂಗುಡೆ ಮೀನು ಸಿಗುತ್ತದಾ ಎಂದು ಕೇಳುತ್ತಿದ್ದರು. ಸಿಗುವುದಿಲ್ಲವೆಂದು ಮಾಂಯ್ ಹೇಳಿದರೆ ಮತ್ತೊಮ್ಮೆ ಪಾಪ ಎನ್ನುತ್ತಿದ್ದರು. ಮಾವ್ಶಿಯ ಕಾಗದಗಳನ್ನು ಅಮ್ಮ ಗಟ್ಟಿಯಾಗಿ ಓದುತ್ತಿದ್ದಳು. ನದಿಯ ಮೇಲೆ ಹೋಗುವ ಉದ್ದದ ದೋಣಿಗಳು, ಇಗರ್ಜಿಯ ಹಾಡಿನ ತಂಡ, ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಹಿಲ್ಡಾ, ಇಬ್ಬರೂ ಭಾನುವಾರ ಸೈಕಲಿನಲ್ಲಿ ಹೋದದ್ದು. ಎಲ್ಲ ಕೇಳಿ ಮುಗಿದ ಮೇಲೆ ಮಾಂಯ್, ನಮಗೆ ಬೇಸರವಾಗಬಾರದೆಂದು ಹೀಗೆಲ್ಲ ಬರೆಯುತ್ತಾಳೆ ಎನ್ನುತ್ತಿದ್ದಳು. ಕಾಗದದಲ್ಲಿ ಇದ್ದದ್ದನ್ನು ಆ ಮನೆಯಲ್ಲಿ ಯಾರೂ ನಂಬಲಿಲ್ಲ. ನಾನೂ ನಂಬಿರಲಿಲ್ಲ.

ಮೊಂತಿ ಫೆಸ್ತಿನ ದಿನ ಹೊಸ ಭತ್ತವನ್ನು ಸುಲಿದು, ಕುಟ್ಟಿ, ತೆಂಗಿನಹಾಲಿಗೆ ಬೆರೆಸಿ, ಮನೆಯ ಹಿರಿಯರು ಒಬ್ಬೊಬ್ಬರಿಗೂ ಒಂದೊಂದು ಚಮಚ ಕೊಡುವುದು ಕ್ರಮ. ಅದಕ್ಕೆ ನೊವೆಂ ಎಂದು ಹೆಸರು. ಅದನ್ನು ತೆಗೆದುಕೊಂಡ ಮೇಲೆಯೇ ಬಾಳೆಎಲೆಯಲ್ಲಿ ಊಟ. ಆವತ್ತು ಮೀನಿಲ್ಲ, ಮಾಂಸವಿಲ್ಲ, ಬರೀ ತರಕಾರಿ. ದೂರದಲ್ಲಿರುವವರಿಗೆ ಸುಲಿದ ಕಾಳನ್ನು ಕಾಗದದಲ್ಲಿಟ್ಟು ಅಂಚೆಯಲ್ಲಿ ಕಳಿಸುವುದು ಎಷ್ಟೋ ಮನೆಗಳಲ್ಲಿ ಇತ್ತು. ನಮ್ಮಲ್ಲಿ ಒಂಬತ್ತು ಕಾಳು ಜರ್ಮನಿಗೆ ಹೋಗುತ್ತಿತ್ತು. ಸುಲಿಯುವ ಕೆಲಸ ನನ್ನದು. ಇದರ ಜೊತೆಗೆ ಮಾಂಯ್ ತಾನೇ ಮಾಡಿಕೊಂಡ ಒಂದು ಪದ್ಧತಿಯೂ ಇತ್ತು. ಇಲ್ಲದವಳ ಹೆಸರಿನಲ್ಲಿ ಒಂದು ಎಲೆ ಹಾಕಿ, ಎಲ್ಲವನ್ನೂ ಚೂರು ಚೂರು ಬಡಿಸಿ, ಅದನ್ನು ಮನೆಯ ಕಿರಿಯನಾದ ನನ್ನಿಂದ ಉಣ್ಣಿಸುತ್ತಿದ್ದಳು. ನಾನು ನನ್ನ ಊಟ ಮುಗಿಸಿ ಮಾವ್ಶಿಯ ಎಲೆಗೆ ಸರಿಯುತ್ತಿದ್ದೆ. ಅದೂ ಮುಗಿದ ಮೇಲೆ ಮಾಂಯ್ ಕೇಳುತ್ತಿದ್ದಳು: "ಅವಳಿಗೆ ತೃಪ್ತಿಯಾಯಿತಾ?" ನಾನು, "ಆಯಿತು ಮಾಂಯ್" ಎನ್ನಬೇಕು. ಅದನ್ನು ಹೇಳುವ ತನಕ ಯಾರೂ ಎಲೆ ಮಡಚುವಂತಿರಲಿಲ್ಲ.

ನನಗೆ ಹತ್ತು ವರ್ಷವಾಗಿದ್ದಾಗಿನ ಹಬ್ಬ. ಇಗರ್ಜಿಯಲ್ಲಿ ಮಕ್ಕಳಿಗೆ ಹಂಚಿದ ಕಬ್ಬನ್ನು ಸಿಗಿಯುವಾಗ ಹೆಬ್ಬೆರಳಿನ ಉಗುರಿನ ಸಂದಿಗೆ ಸಿಬಿರು ಹೊಕ್ಕಿತು. ಹೇಳಿದರೆ ಮಾಂಯ್ ಸೂಜಿ ಬಿಸಿ ಮಾಡಿ ತೆಗೆಯುತ್ತಾಳೆಂದು ಹೆದರಿ ಹೇಳಲಿಲ್ಲ. ಆ ಬೆರಳಿನಲ್ಲಿ ಭತ್ತ ಸುಲಿಯಲು ಆಗಲಿಲ್ಲ. ಒಂಬತ್ತು ಕಾಳನ್ನು ಉಮಿ ಸಮೇತ ಹಾಗೆಯೇ ಕಾಗದದಲ್ಲಿ ಮಡಚಿ, ಲಕೋಟೆಗೆ ಹಾಕಿ, ಅನ್ನದ ಅಗುಳಿನಿಂದ ಅಂಟಿಸಿಬಿಟ್ಟೆ. ಮಧ್ಯಾಹ್ನ ಮಾವ್ಶಿಯ ಎಲೆಯಲ್ಲಿ ಉಂಡು, ತೃಪ್ತಿಯಾಯಿತು ಎಂದೂ ಹೇಳಿದೆ.

ಎರಡು ತಿಂಗಳು ಕಳೆದು ಉತ್ತರ ಬಂತು. ಅಮ್ಮ ಓದುತ್ತಿದ್ದಳು, ನಾನು ಜಗಲಿಯ ಸರಳು ಹಿಡಿದು ನಿಂತಿದ್ದೆ. ಈ ಸಲ ಭತ್ತ ಇಡಿಯಾಗಿ ಬಂದಿದೆ ಎಂದು ಮಾವ್ಶಿ ಬರೆದಿದ್ದಳು. ಮಾಂಯ್ ಏನೋ ಯೋಚನೆ ಮಾಡಿಯೇ ಹೀಗೆ ಕಳಿಸಿರಬೇಕೆಂದು ತಾನು ಒಂದು ಬೋಗುಣಿಯಲ್ಲಿ ನೀರಿಟ್ಟು ಅದರಲ್ಲಿ ಹಾಕಿದ್ದಾಗಿಯೂ, ಬೋಗುಣಿಯನ್ನು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟದ್ದಾಗಿಯೂ, ಏಳು ಕಾಳು ಮೊಳೆತು ಈಗ ಗೇಣುದ್ದ ಆಗಿದೆಯೆಂದೂ, ಬೆಳಿಗ್ಗೆ ಕಾಫಿ ಕುಡಿಯುವಾಗ ತಾನೂ ಹಿಲ್ಡಾಳೂ ಅದನ್ನೇ ನೋಡುತ್ತಾ ಕೂರುತ್ತೇವೆಂದೂ ಇತ್ತು. ಮಾಂಯ್ ನನ್ನನ್ನು ಹತ್ತಿರ ಕರೆದಳು. ಎಷ್ಟು ಕಾಳು ಸುಲಿದೆ ಎಂದು ಕೇಳಿದಳು. ಒಂದೂ ಇಲ್ಲ ಎಂದೆ. ಹೊಡೆಯಲಿಲ್ಲ. "ಹೊಟ್ಟೆಗೆ ಹೋಗಬೇಕಾದ ನೊವೆಂ ಬೋಗುಣಿಗೆ ಹೋಯಿತು ಪುತಾ. ಮತ್ತೆ ನೀನು ತೃಪ್ತಿಯಾಯಿತು ಅಂತ ಹೇಳಿದ್ದು ಹೇಗೆ?" ಎಂದಳು. ಮುಂದೆ ಮೂವತ್ತನಾಲ್ಕು ವರ್ಷ ಪತ್ರಿಕೆಯೊಂದರಲ್ಲಿ ಬೇರೆಯವರ ಬರಹದ ತಪ್ಪು ತಿದ್ದುವ ಕೆಲಸ ಮಾಡಿದೆ. ಅಲ್ಲಿ ಯಾರೂ ನನಗೆ ಇಷ್ಟು ನೇರವಾದ ಪ್ರಶ್ನೆ ಕೇಳಲಿಲ್ಲ.

ಕ್ರಿಸ್ಮಸಿನ ಕಾಗದದಲ್ಲಿ ಉಳಿದ ಸುದ್ದಿ ಬಂತು. ಪೈರು ಹಳದಿಯಾಯಿತು, ಕದಿರು ಬಿಡಲಿಲ್ಲ. ಆದರೂ ಮುಂದಿನ ವರ್ಷವೂ ಸುಲಿಯದೆ ಕಳಿಸಿ ಎಂದು ಮಾವ್ಶಿ ಕೇಳಿದ್ದಳು. ಮಾಂಯ್ ಒಪ್ಪಲಿಲ್ಲ. ಅಂದಿನಿಂದ ನಾನು ಸುಲಿದ ಒಂಬತ್ತು ಕಾಳನ್ನೂ ಅಂಗೈಯಲ್ಲಿ ಹರಡಿ, ಮುಟ್ಟಿ ನೋಡಿಯೇ ಲಕೋಟೆಗೆ ಹಾಕುತ್ತಿದ್ದಳು. ಜರ್ಮನಿಯ ಮಾತು ಬಂದಾಗ ಅವಳ ತೀರ್ಪು ಒಂದೇ: ಅಲ್ಲಿ ಕದಿರು ಬಿಡುವುದಿಲ್ಲ. ಕಮಲಕ್ಕನಿಗೂ ಅದನ್ನೇ ಹೇಳಿದಳು. ಕಮಲಕ್ಕ, "ಪಾಪ" ಎಂದರು.

ಮಾವ್ಶಿ ನಿವೃತ್ತಳಾದಾಗ ನಾನು ನಲವತ್ತು ದಾಟಿದ್ದೆ, ಮಾಂಯ್‌ಗೆ ಎಂಬತ್ತೆರಡು. ಇನ್ನು ಬಂದೇ ಬಿಡುತ್ತಾಳೆಂದು ಮನೆಯಲ್ಲಿ ಎಲ್ಲರೂ ತಿಳಿದಿದ್ದೆವು. ಬರುತ್ತೇನೆಂದು ಅವಳು ಬರೆದದ್ದು ನಿಜ. ಇರಲಿಕ್ಕೆ ಬರುತ್ತೇನೆಂದು ಬರೆದಿರಲಿಲ್ಲ. ಆ ವ್ಯತ್ಯಾಸವನ್ನು ನಾನಾದರೂ ಗಮನಿಸಬೇಕಿತ್ತು. ತೆಂಕು ಕೋಣೆಗೆ ಸುಣ್ಣ ಬಳಿದರು. ಅಲ್ಲಿಯ ಅಭ್ಯಾಸವೆಂದು ಬಚ್ಚಲಿಗೆ ಬಿಸಿನೀರಿನ ಗೀಸರ್ ಬಂತು. ಮಾಂಯ್ ಹೊಸ ಹಾಸಿಗೆ ಹೊಲಿಸಿ, ಹತ್ತಿಯನ್ನು ತಾನೇ ನಿಂತು ತುಂಬಿಸಿದಳು. ಆಗಸ್ಟ್ ಕೊನೆಗೆ ಮಾವ್ಶಿ ಬಂದಿಳಿದಳು, ಒಂದೇ ಸೂಟ್‌ಕೇಸ್ ಹಿಡಿದು. ಉಳಿದ ಸಾಮಾನು ಹಡಗಿನಲ್ಲಿ ಬರಬಹುದೆಂದು ಮಾಂಯ್ ಊಹಿಸಿದಳು. ಒಂದು ವಾರ ಜನ ಬಂದು ನೋಡಿ ಹೋದರು. ಪಾಪ, ಇನ್ನಾದರೂ ಮನೆ ಊಟ. ಪಾಪ, ಇನ್ನಾದರೂ ನಮ್ಮವರ ನಡುವೆ. ಮಾವ್ಶಿ ಎಲ್ಲರಿಗೂ ಚಾಕಲೇಟು ಕೊಟ್ಟು ನಗುತ್ತಿದ್ದಳು. ಒಂದು ಸಂಜೆ ಮಾತ್ರ ಜಗಲಿಯಲ್ಲಿ ನನ್ನ ಪಕ್ಕ ಕುಳಿತು, "ಎಷ್ಟು ಸಲ ಆಯ್ತು ಮಾರಾಯ, ಲೆಕ್ಕ ಇಟ್ಟಿದ್ದೀಯಾ?" ಎಂದು ಮೆಲ್ಲಗೆ ಕೇಳಿದಳು. ಯಾವುದರ ಲೆಕ್ಕವೆಂದು ನಾನು ಕೇಳಬೇಕಾಗಿರಲಿಲ್ಲ.

ಹಬ್ಬದ ದಿನ ಅವಳ ಎಲೆಗೆ ಅವಳೇ ಕುಳಿತಳು. ಊಟ ಮುಗಿದಾಗ ಮಾಂಯ್ ಅಭ್ಯಾಸದಂತೆ ನನ್ನ ಕಡೆ ತಿರುಗಿದಳು, ನೆನಪಾಗಿ ಮಗಳ ಕಡೆ ತಿರುಗಿದಳು. "ನಿನಗೆ ತೃಪ್ತಿಯಾಯಿತಾ?"

"ಆಯಿತು ಮಾಂಯ್," ಎಂದಳು ಮಾವ್ಶಿ. ಆಮೇಲೆ, ಮುಂದಿನ ವಾರ ತನಗೆ ವಾಪಸು ವಿಮಾನ ಉಂಟೆಂದೂ, ಅಲ್ಲಿಯ ಮನೆಯನ್ನು ತಾನು ಬಿಡಲಿಲ್ಲವೆಂದೂ, ಹಿಂದಿನಂತೆಯೇ ಬಂದು ಹೋಗುತ್ತೇನೆಂದೂ ಹೇಳಿದಳು. ಅಮ್ಮ ಮಜ್ಜಿಗೆಯ ಪಾತ್ರೆ ಕೆಳಗಿಟ್ಟಳು.

"ಅಲ್ಲಿ ಎಂತ ಉಂಟು ನಿನಗೆ?" ಎಂದು ಮಾಂಯ್ ಕೇಳಿದಳು.

ಮಾವ್ಶಿ ಹೇಳಿದ್ದೆಲ್ಲ ಸಣ್ಣ ಸಂಗತಿಗಳು, ಮೂವತ್ತೇಳು ವರ್ಷ ಕಾಗದದಲ್ಲಿ ಬರೆದದ್ದೇ. ಎರಡು ಕೋಣೆ, ನದಿ ಕಾಣುವ ಕಿಟಕಿ. ಬುಧವಾರದ ಹಾಡಿನ ತಂಡ. ಅಂಗಡಿಯವಳಿಗೆ ತನ್ನ ಹೆಸರು ಗೊತ್ತು. ಹಿಲ್ಡಾಳ ಬಳಿ ತನ್ನ ಬಾಗಿಲಿನ ಬೀಗದ ಕೈ ಉಂಟು, ತನ್ನ ಬಳಿ ಅವಳದ್ದು. ಕೊನೆಗೆ, "ಅಲ್ಲಿ ನನ್ನನ್ನು ಯಾರೂ ಪಾಪ ಅನ್ನುವುದಿಲ್ಲ ಮಾಂಯ್," ಎಂದಳು.

"ಅಲ್ಲಿ ಕದಿರು ಬಿಡುವುದಿಲ್ಲ."

"ಬಿಡುವುದಿಲ್ಲ. ಆದರೆ ಆ ವರ್ಷ ಕ್ರಿಸ್ಮಸ್ ತನಕ ಕಿಟಕಿ ಹಸಿರಿತ್ತು. ನನಗೆ ಅಷ್ಟು ಸಾಕಾಗ್ತದೆ."

ಮಾಂಯ್ ಎದ್ದಳು. ಹಬ್ಬದ ಊಟದಲ್ಲಿ ಅವಳು ಎಲ್ಲರಿಗಿಂತ ಮೊದಲು ಎದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅವಳ ಎಲೆ ಮಡಚದೆ ಹಾಗೆಯೇ ಇತ್ತು. ಕೊನೆಗೆ ಅಮ್ಮ ಮಡಚಿದಳು. ಮಾವ್ಶಿ ಹೊರಡುವ ದಿನ ಮಾಂಯ್ ಅಲ್ತಾರಿನ ಮುಂದೆ ಜಪಸರ ಹಿಡಿದು ಕುಳಿತಿದ್ದಳು, ಮೆಟ್ಟಿಲಿನ ತನಕ ಬರಲಿಲ್ಲ. ನಾನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದೆ. ದಾರಿಯಲ್ಲಿ ಮಾವ್ಶಿ ಕಾವೂರು ಕೆರೆಯ ಹತ್ತಿರ ಕರ್ಚೀಫು ತೆಗೆದು ಮುಖ ಒರೆಸಿಕೊಂಡಳು.

ಆ ಮೇಲೆ ಭಾನುವಾರ ಭಾನುವಾರ ಫೋನು ಬರುತ್ತಿತ್ತು. ಮೊದಮೊದಲು ಮಾಂಯ್ ಆರಾಮ ಉಂಟಾ ಎಂದಷ್ಟೇ ಕೇಳಿ ಫೋನನ್ನು ನನಗೆ ಕೊಡುತ್ತಿದ್ದಳು. ಮಳೆಗಾಲದ ಹೊತ್ತಿಗೆ ಮಾತು ಸ್ವಲ್ಪ ಉದ್ದವಾಯಿತು. ಹಿಲ್ಡಾಳ ಮಂಡಿನೋವು ಹೇಗುಂಟು ಎಂದು ವಿಚಾರಿಸಿ, ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಲಿಕ್ಕೆ ಹೇಳು ಎನ್ನುತ್ತಿದ್ದಳು. ಮತ್ತೆ ಸೆಪ್ಟೆಂಬರ್ ಬಂತು. ಕಣ್ಣು ಮಂಜಾಗಿದ್ದುದರಿಂದ ಆ ವರ್ಷ ಮಾಂಯ್ ಇಗರ್ಜಿಗೆ ಬರಲಿಲ್ಲ. ನಾನು ಕದಿರು ತಂದು ಅವಳ ಎದುರು ಕುಳಿತು, ಒಂಬತ್ತು ಕಾಳು ಬಿಡಿಸಿ, ಮೊದಲನೆಯದಕ್ಕೆ ಉಗುರು ಇಟ್ಟೆ. ಅವಳು ಕೈ ಚಾಚಿ ನನ್ನ ಬೆರಳನ್ನು ಹಿಡಿದಳು.

"ಸುಲಿಯಬೇಡ ಪುತಾ. ಹಾಗೇ ಕಳಿಸು."

ಸ್ವಲ್ಪ ಹೊತ್ತಿನ ಮೇಲೆ, ಅಲ್ಲಿ ಮೊಳೆಯಲಿಕ್ಕೆ ಎಷ್ಟು ದಿನ ಬೇಕು ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಕೇಳಿ ಹೇಳು ಎಂದಳು. ಮಧ್ಯಾಹ್ನ ನಾನು, ಮನೆಯ ಕಿರಿಯನಾಗಿ ಉಳಿದಿದ್ದ ನರೆಗೂದಲಿನವನು, ಮಾವ್ಶಿಯ ಎಲೆಗೆ ಸರಿದು ಉಂಡೆ. ಮುಗಿಸಿ ಮಾಂಯ್ ಮುಖ ನೋಡಿದೆ. ಅವಳು ಕೇಳಲಿಲ್ಲ. "ಅವಳಿಗೆ ತೃಪ್ತಿ ಉಂಟು," ಎಂದು ತಾನೇ ಹೇಳಿ ಎಲೆ ಮಡಚಿದಳು.

ಅದರ ಮರುವರ್ಷ ಮಾಂಯ್ ಹೋದಳು. ಬಳಿಕ ಅಮ್ಮ, ಕಮಲಕ್ಕ. ಮನೆಯ ಜಾಗದಲ್ಲಿ ಈಗ ಆರು ಮಾಳಿಗೆಯ ಕಟ್ಟಡ ಉಂಟು. ತೆಂಕು ಕೋಣೆ ಇದ್ದಲ್ಲಿ ಕಾರುಗಳು ನಿಲ್ಲುತ್ತವೆ. ಆ ಕಾವಿಯ ನೆಲದ ಒಂದು ತುಂಡನ್ನಾದರೂ ಎತ್ತಿಡಬಹುದಿತ್ತು ಎಂದು ಹೊಳೆದದ್ದು ತಡವಾಗಿ. ಜರ್ಮನಿಯ ಕಿಟಕಿ ಮಾತ್ರ ಪ್ರತಿ ವರ್ಷ ಹಸಿರಾಗುತ್ತಿತ್ತು. ಮಾವ್ಶಿ ಅದರ ಫೋಟೊ ಕಳಿಸುತ್ತಿದ್ದಳು: ಬಿಳಿ ಬೋಗುಣಿ, ಏಳೆಂಟು ಎಳೆ ಪೈರು, ಹಿಂದೆ ಬೂದು ಬಣ್ಣದ ನದಿ. ಕೊನೆಯ ತನಕ ಒಂದರಲ್ಲೂ ಕದಿರು ಬಿಡಲಿಲ್ಲ. ಕಳೆದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಅಲ್ಲಿಯೇ ಮಣ್ಣು ಮಾಡಿದರು. ಅವಳು ಬರೆದಿಟ್ಟದ್ದು ಹಾಗೆಯೇ. ಹಾಡಿನ ತಂಡದವರೆಲ್ಲ ಬಂದಿದ್ದರೆಂದು ಹಿಲ್ಡಾ ತನ್ನ ಮೊಮ್ಮಗಳಿಂದ ಇಂಗ್ಲಿಷಿನಲ್ಲಿ ಬರೆಸಿದ್ದಳು. ಬೋಗುಣಿಯನ್ನು ತೊಳೆದು ತನ್ನ ಕಿಟಕಿಯಲ್ಲಿ ಇಟ್ಟುಕೊಂಡಿದ್ದೇನೆ, ಈ ಸೆಪ್ಟೆಂಬರಿನಲ್ಲೂ ಭತ್ತ ಬರುತ್ತದೆಯೇ ಎಂಬುದು ಕೊನೆಯ ಸಾಲು.

ಈ ವರ್ಷ ಒಂಬತ್ತು ಕಾಳನ್ನು ಸುಲಿಯದೆ ಮಡಚಿ, ಲಕೋಟೆಯ ಮೇಲೆ ಹಿಲ್ಡಾಳ ಹೆಸರು ಬರೆದೆ. ಮಧ್ಯಾಹ್ನ ಹೆಂಡತಿ ಮೂರು ಎಲೆ ಹಾಕಿದಳು, ನಾನು ಹೇಳಿರಲಿಲ್ಲ. ನನ್ನದು ಮುಗಿಸಿ ಮಾವ್ಶಿಯ ಎಲೆಗೆ ಸರಿದು ಉಂಡೆ. ಅವಳಿಗೆ ತೃಪ್ತಿಯಾಯಿತಾ ಎಂದು ಕೇಳುವವರು ಯಾರೂ ಇರಲಿಲ್ಲ. ಆದರೂ ಉತ್ತರ ಹೇಳಿ, ಎಲೆ ಮಡಚಿ ಎದ್ದೆ.