ಮಂದಿಯ ವೈವಾಕ್ಕೆ ಹೋಗುವ ಚಟ

ಕೆಲವರಿಗೆ ಕರೆಯದ ಮದುವೆಗೆ ಹೋಗಿ ಉಂಡು ಬರುವ ಚಟ ಇರುತ್ತದೆ. ನನಗೆ ಕರೆಯದ ವೈವಾಕ್ಕೆ ಹೋಗಿ ಪ್ರಶ್ನೆ ಕೇಳಿ ಬರುವ ಚಟ. ವೈವಾ ಎಂದರೆ ಗೊತ್ತಲ್ಲ, ಪಿಎಚ್.ಡಿ. ಪ್ರಬಂಧ ಒಪ್ಪಿಸಿದವರು ಕೊನೆಗೊಂದು ದಿನ ಎಲ್ಲರೆದುರು ನಿಂತು, ತಾವು ಬರೆದದ್ದಕ್ಕೆ ತಾವೇ ಜವಾಬು ಹೇಳುವ ಮೌಖಿಕ ಪರೀಕ್ಷೆ. ಧಾರವಾಡದಲ್ಲಿ ಅದು ತೆರೆದ ಬಾಗಿಲಲ್ಲೇ ನಡೆಯುತ್ತದೆ. ವಿಭಾಗದ ಫಲಕದ ಮೇಲೆ ಒಂದು ಹಾಳೆ ಅಂಟಿಸಿರುತ್ತಾರೆ: ಅಭ್ಯರ್ಥಿಯ ಹೆಸರು, ಮೊಳದುದ್ದದ ಶೀರ್ಷಿಕೆ, ಹೊತ್ತು, ಕೋಣೆ, ಎಲ್ಲಕ್ಕೂ ಕೆಳಗೆ ‘ಆಸಕ್ತರು ಭಾಗವಹಿಸಬಹುದು’ ಎಂಬ ಸಾಲು. ಯಾರೂ ಬರಲಾರರು ಎಂಬ ಭರವಸೆಯ ಮೇಲೆಯೇ ಆ ಸಾಲನ್ನು ಬರೆದಿರುತ್ತಾರೆ. ನಾನು ಮಾತ್ರ ಅದನ್ನು ನನ್ನ ಹೆಸರಿಗೆ ಬಂದ ಆಮಂತ್ರಣವೆಂದೇ ಓದಿಕೊಳ್ಳುತ್ತೇನೆ.

ನಾನು ಹುಬ್ಬಳ್ಳಿಯಲ್ಲಿ ಕಾನೂನು ಓದುತ್ತಿರುವವಳು. ಮನೆ ಬೈರಿದೇವರಕೊಪ್ಪದಲ್ಲಿ, ತರಗತಿ ಇದ್ದರೆ ಹುಬ್ಬಳ್ಳಿಯ ಕಡೆಯ ಬಸ್ಸು, ಇಲ್ಲದಿದ್ದರೆ ಧಾರವಾಡದ ಕಡೆಯ ಬಸ್ಸು. ಹೈಸ್ಕೂಲಿನಿಂದ ಚರ್ಚಾಸ್ಪರ್ಧೆಗಳಲ್ಲೇ ಬೆಳೆದೆ. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಎರಡೂ ಕಡೆ ಅಷ್ಟೇ ಆವೇಶದಿಂದ ಮಾತಾಡಿ ಕಪ್ಪು ತಂದವಳು. ಇದರಿಂದ ಮನೆಯಲ್ಲಿ ಆದ ಪರಿಣಾಮವನ್ನು ನಮ್ಮವ್ವನ ಬಾಯಿಂದಲೇ ಕೇಳಬೇಕು. ಪಲ್ಯಕ್ಕ ಉಪ್ಪು ಕಡಿಮಿ ಆಗೇತಿ ಅಂದ್ರೂ ಇಕಿ ಪುರಾವೆ ಕೇಳ್ತಾಳ್ರಿ ಎಂದು ಆಕೆ ಓಣಿಯ ತುಂಬ ದೂರಿದ್ದಾಳೆ. ದೂರು ಸುಳ್ಳೆಂದು ನಾನು ವಾದಿಸಬಲ್ಲೆ, ಆದರೆ ಗೆಲ್ಲುವ ಭರವಸೆಯಿಲ್ಲ.

ಮೊದಮೊದಲು ವೈವಾಗಳಿಗೆ ಹೋದದ್ದು ಒಂದು ಸಿದ್ಧಾಂತವನ್ನು ಕಂಕುಳಲ್ಲಿಟ್ಟುಕೊಂಡು. ಈ ಸಂಶೋಧನೆಯೆಂಬುದು ಎಲ್ಲರಿಗೂ ಗೊತ್ತಿರುವುದನ್ನು ಯಾರಿಗೂ ತಿಳಿಯದಂತೆ ಬರೆಯುವ ವಿದ್ಯೆ ಎಂಬುದೇ ಆ ಸಿದ್ಧಾಂತ. ಶೀರ್ಷಿಕೆಗಳೂ ನನ್ನ ಪರವಾಗಿ ಸಾಕ್ಷಿ ಹೇಳುತ್ತಿದ್ದವು. ಯಾವ ಮಾತಿಗೆ ‘ಒಂದು ವಿಶ್ಲೇಷಣಾತ್ಮಕ ಅಧ್ಯಯನ’ ಎಂಬ ಬಾಲ ಹಚ್ಚಿದರೂ ಅದು ಎದ್ದು ನಡೆಯತೊಡಗುತ್ತದೆ. ‘ನಮ್ಮ ಮನೆಯ ನಲ್ಲಿ ಸೋರುವಿಕೆ: ಒಂದು ವಿಶ್ಲೇಷಣಾತ್ಮಕ ಅಧ್ಯಯನ’. ಹೇಳಿ, ನಂಬುವುದಿಲ್ಲವೇ?

ಮೊದಲ ಪೆಟ್ಟು ಬಿದ್ದದ್ದು ವಿಜ್ಞಾನದವರಿಂದ. ಒಬ್ಬಾತ ಎರೆಮಣ್ಣಿನ ಬಿರುಕುಗಳ ಮೇಲೆ ಪ್ರಬಂಧ ಬರೆದಿದ್ದ. ನವಲಗುಂದದ ಕಡೆ ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದನ್ನು ನೋಡದವರು ಯಾರು? ನಾನು ಎದ್ದು ನಿಂತು, ಈ ಬಿರುಕು ರೈತರಿಗೆಲ್ಲ ಗೊತ್ತಿರುವಾಗ ನಿಮ್ಮದೇನು ವಿಶೇಷ ಎಂದು ಕೇಳಿದೆ. ಆತ ಸಿಟ್ಟಾಗಲಿಲ್ಲ. ಮಳೆ ಬಂದ ಮೇಲೆ ಮಣ್ಣು ಉಬ್ಬಿ ಬಿರುಕು ಪೂರಾ ಮುಚ್ಚಿಹೋಗುತ್ತದೆ, ಸರಿಯೇ. ಮುಂದಿನ ಬೇಸಿಗೆಗೆ ಅದು ಹೋದ ವರ್ಷದ ಜಾಗದಲ್ಲೇ ತೆರೆಯುತ್ತದೆಯೋ, ಬೇರೆ ಕಡೆಯೋ ಎಂದು ನನ್ನನ್ನೇ ತಿರುಗಿ ಕೇಳಿದ. ಕೆಲವು ಕಡೆ ಅಲ್ಲೇ ತೆರೆಯುತ್ತದಂತೆ, ಕೆಲವು ಕಡೆ ಇಲ್ಲವಂತೆ. ಏಕೆಂಬುದೇ ಅವನ ಪ್ರಬಂಧ. “ಮಣ್ಣಿಗೆ ನೆನಪಿರತದ ಅಂತ ನಾ ಹೇಳಾಕತ್ತಿಲ್ಲರಿ,” ಎಂದ. “ಆದ್ರ ಇರೂದಿಲ್ಲ ಅಂತ ಹೇಳಾಕೂ ಧೈರ್ಯ ಸಾಲವಲ್ತು.”

ಅವತ್ತು ಬಸ್ಸಿನ ಕಿಟಕಿಯಿಂದ ಹೊರಗಿನ ನೆಲವನ್ನು ನೋಡುತ್ತ ಬಂದೆ. ಅಷ್ಟು ವರ್ಷ ಅದನ್ನು ತುಳಿದಿದ್ದೆ, ನೋಡಿರಲಿಲ್ಲ.

ಆಮೇಲೆ ತತ್ತ್ವಶಾಸ್ತ್ರದ ಸರದಿ. ಅಲ್ಲಿ ಒಬ್ಬಾಕೆ ‘ಅಭಾವ’ದ ಬಗ್ಗೆ ಬರೆದಿದ್ದರು. ನೆಲದ ಮೇಲೆ ಗಡಿಗೆ ಇದ್ದರೆ ಕಣ್ಣಿಗೆ ಕಾಣುತ್ತದೆ, ಒಪ್ಪೋಣ. ಗಡಿಗೆ ಇಲ್ಲ ಎಂಬುದು ಯಾವುದರಿಂದ ಕಾಣುತ್ತದೆ? ಅದನ್ನೂ ಕಣ್ಣೇ ಕಾಣುತ್ತದೆ ಎಂದು ತರ್ಕಶಾಸ್ತ್ರದ ನೈಯಾಯಿಕರು. ಛೇ, ಕಾಣದಿರುವುದೇ ಅರಿವಿನ ಬೇರೊಂದು ದಾರಿ ಎಂದು ಭಾಟ್ಟ ಮೀಮಾಂಸಕರು. ಖಾಲಿ ನೆಲವೊಂದನ್ನು ನಡುವೆ ಇಟ್ಟುಕೊಂಡು ಶತಮಾನಗಟ್ಟಲೆ ಜಗಳ. ಇದು ನಿರುದ್ಯೋಗದ ಪರಮಾವಧಿ ಎಂದುಕೊಂಡು ಮನೆಗೆ ಬಂದೆ. ನಮ್ಮವ್ವ ಅಡಿಗೆಮನೆಯ ಡಬ್ಬಿಯೊಳಗೆ ಇಣುಕಿ, ಸಕ್ಕರಿ ಇಲ್ಲ, ತಗೊಂಬಾ ಎಂದಳು. ನಾನೂ ಇಣುಕಿದೆ. ನನಗೆ ಕಂಡದ್ದು ಡಬ್ಬಿಯ ತಳ. ಆಕೆ ಇಲ್ಲದ ಸಕ್ಕರೆಯನ್ನು ಎಲ್ಲಿ ನೋಡಿದಳು? ಡಬ್ಬಿ ಹಿಡಿದು ನಿಂತೇ ಇದ್ದೆ. ಅಂಗಡಿಗೆ ತಮ್ಮ ಹೋಗಿ ಬಂದ.

ನಮ್ಮದೇ ಕಾನೂನಿನಲ್ಲಾದರೂ ನಾನು ಸೋಲಲಾರೆ ಎಂದುಕೊಂಡಿದ್ದೆ. ಅಲ್ಲೊಬ್ಬರು ಕಾಣೆಯಾದವರ ಬಗ್ಗೆ ಬರೆದಿದ್ದರು. ಮನೆ ಬಿಟ್ಟು ಹೋದವನ ಸುದ್ದಿ ಏಳು ವರ್ಷ ಅವನ ಹತ್ತಿರದವರಾರಿಗೂ ಬರದಿದ್ದರೆ, ಅವನು ಬದುಕಿದ್ದಾನೆ ಎನ್ನುವವರೇ ಅದನ್ನು ರುಜುವಾತು ಮಾಡಬೇಕು. ಇದು ನಮಗೆ ಒಂದೇ ಸಾಲಿನಲ್ಲಿ ಮುಗಿದುಹೋದ ಪಾಠ. ಇವರು ಆ ಸಾಲಿನೊಳಗೆ ಬದುಕುವವರನ್ನು ಹುಡುಕಿಕೊಂಡು ಹೋಗಿದ್ದರು: ಹೆಂಡತಿಯೂ ಅಲ್ಲದ, ವಿಧವೆಯೂ ಅಲ್ಲದ ಹೆಂಗಸರು. ಏಳೇ ಏಕೆ, ಆರೂವರೆ ಏಕಾಗಬಾರದು ಎಂದು ನಾನು ಕೇಳಿದೆ. ಗೆರೆಯನ್ನು ಎಲ್ಲಾದರೂ ಎಳೆಯಲೇಬೇಕಲ್ಲ, ಆದರೆ ಎಳೆದ ಮೇಲೆ ಅದರ ಮೇಲೆ ಯಾರು ನಿಂತಿದ್ದಾರೆಂದು ಒಮ್ಮೆ ಬಗ್ಗಿ ನೋಡಬೇಕು ಎಂದರು. ನನ್ನ ಪಟ್ಟಿಯಲ್ಲಿ ಇನ್ನೂ ಮೂರು ಪ್ರಶ್ನೆಗಳಿದ್ದವು. ಕೂತುಬಿಟ್ಟೆ.

ಇಷ್ಟಾದ ಮೇಲೆ ಚರ್ಚಾಪಟು ಸುಮ್ಮನಿರುತ್ತಾಳೆಯೇ? ಹಳೆಯ ಸಿದ್ಧಾಂತ ಬಿದ್ದೊಡನೆ ಹೊಸದನ್ನು ಕಟ್ಟಿದಳು. ಬಿರುಕು ಎಂದರೆ ಮಣ್ಣಿಲ್ಲದ ಜಾಗ; ಅಭಾವ ಎಂದರೆ ಗಡಿಗೆಯಿಲ್ಲದ ನೆಲ; ಕಾನೂನಿಗೆ ಬಂದರೆ ಮನುಷ್ಯನಿಲ್ಲದ ಮನೆ. ಅಂದರೆ ಸಮಸ್ತ ವಿದ್ಯೆಯೂ ‘ಇಲ್ಲ’ ಎಂಬ ಒಂದೇ ವಸ್ತುವಿನ ಅಧ್ಯಯನ! ಈ ಮಹಾಸಿದ್ಧಾಂತ ಸರಿಯಾಗಿ ಎಂಟು ದಿನ ಬಾಳಿತು. ಒಂಬತ್ತನೆಯ ದಿನ ಪ್ರಾಣಿಶಾಸ್ತ್ರದ ಹುಡುಗಿಯೊಬ್ಬಳು ಸೆಗಣಿ ಹುಳದ ಬಗ್ಗೆ ಮಾತಾಡಿದಳು. ಸೆಗಣಿ ಎಲ್ಲಿ ನೋಡಿದರೂ ಇದೆ. ನಮ್ಮ ಓಣಿಯಲ್ಲಂತೂ ಅದರ ಅಭಾವ ಎಂದೂ ಆಗಿಲ್ಲ. ಆದರೆ ಆಕೆ ಹೇಳಿದ್ದನ್ನು ಕೇಳಿ: ಆ ಹುಳಗಳಲ್ಲಿ ಕೆಲವು ಜಾತಿಯವು ತಮ್ಮ ಉಂಡೆಯನ್ನು ಉರುಳಿಸುತ್ತ ದಾರಿ ತಪ್ಪದಂತೆ ನೇರ ಹೋಗಲು ಆಕಾಶಗಂಗೆಯ ಬೆಳಕನ್ನು ಆಧಾರ ಮಾಡಿಕೊಳ್ಳುತ್ತವಂತೆ. ಯಾರು ಕಂಡುಹಿಡಿದರು ಇದನ್ನು? ಕೆಳಗೆ ಸೆಗಣಿ, ಮೇಲೆ ಆಕಾಶಗಂಗೆ, ಇವೆರಡರ ನಡುವೆ ನಂಟಿರಬಹುದೆಂದು ಮೊದಲು ಸಂಶಯಪಟ್ಟ ಮನುಷ್ಯನಿಗೆ ನನ್ನ ನಮಸ್ಕಾರ. ನನ್ನ ಸಂಶಯಗಳೆಲ್ಲ ಎಷ್ಟು ಗಿಡ್ಡವೆಂದು ಅವತ್ತು ತಿಳಿಯಿತು.

ಅದೇ ಮಧ್ಯಾಹ್ನ ಗ್ರಂಥಾಲಯದಲ್ಲಿ ಹಳೆಯ ಪ್ರಬಂಧಗಳನ್ನಿಟ್ಟ ಕೋಣೆಗೆ ಹೋದೆ. ದಪ್ಪ ರಟ್ಟು, ಬೆನ್ನ ಮೇಲೆ ಬಂಗಾರದ ಬಣ್ಣದ ಅಕ್ಷರ. ಜೋಳದ ರೋಗದ ಪಕ್ಕದಲ್ಲಿ ಮೋಕ್ಷ, ಆಸ್ತಿ ಹಕ್ಕಿಗೆ ಒರಗಿಕೊಂಡು ಬೀಜಗಣಿತ, ಅದರಾಚೆ ಬಾಲವಾಡಿಯ ಆಟಗಳು. ಒಂದೊಂದರ ಒಳಗೂ ಒಬ್ಬ ಮನುಷ್ಯನ ಐದಾರು ವರ್ಷ ಕೂತಿದೆ. ಮನೆಯವರ ಗೊಣಗಾಟ, ಗೈಡ್ ತಿದ್ದಿದ ಕೆಂಪು ಶಾಯಿ, ತಪ್ಪಿದ ಮದುವೆ ಮುಂಜಿವೆಗಳು. ಬೆರಗಾಗುವುದೆಂದರೆ ವಾದ ಮುಗಿದುಹೋದವರ ಕೊನೆಯ ಉಪಾಯ ಎಂದು ಜೂನಿಯರುಗಳಿಗೆ ಪಾಠ ಹೇಳಿದವಳು ನಾನು. ಆ ಕೋಣೆಯಲ್ಲಿ ಬಾಯಿ ತೆರೆದುಕೊಂಡೇ ನಿಂತಿದ್ದೆ, ವಾದಕ್ಕಲ್ಲ.

ಇನ್ನು ರಜಿಯಾ ಅಕ್ಕನ ವಿಷಯ. ನಮ್ಮ ಪಕ್ಕದ ಮನೆಯವರು, ಹೈಸ್ಕೂಲ್ ಟೀಚರು. ಗಂಡ ಸಲೀಮ್ ಭಾಯಿ ದುರ್ಗದಬೈಲಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆ. ಸಾಲಿ, ಮನೆ, ಇಬ್ಬರು ಮಕ್ಕಳು, ಇವುಗಳ ಸಂದಿಯಲ್ಲಿ ಅಕ್ಕ ಶಿಕ್ಷಣಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದರು. ವಿಷಯ ತರಗತಿಯ ಮೌನ. ಪಾಠ ಮುಗಿಸಿ ಟೀಚರು ತಿಳೀತೇನು ಎಂದು ಕೇಳುತ್ತಾರಲ್ಲ, ಆಗ ಇಡೀ ತರಗತಿ ಒಂದೇ ಧ್ವನಿಯಲ್ಲಿ ಹ್ಞೂಂ ಎನ್ನುತ್ತದಲ್ಲ, ಆಮೇಲೆ ಯಾರೂ ಕೈ ಎತ್ತುವುದಿಲ್ಲವಲ್ಲ, ಅದು. ಬೇರೆ ಬೇರೆ ಸಾಲಿಗಳ ಹಿಂದಿನ ಬೆಂಚಿನಲ್ಲಿ ಕೂತು ಅವರು ಅದನ್ನೇ ನೋಡಿ ಬರೆದುಕೊಂಡು ಬಂದಿದ್ದರು. ಎರಡು ವರ್ಷದ ಹಿಂದೆ ಮಾಳಿಗೆಯ ಮೇಲೆ ಬಟ್ಟೆ ತೆಗೆಯುವಾಗ ಇದನ್ನೆಲ್ಲ ನನಗೆ ಹೇಳಿದ್ದರು. ನನ್ನ ಸ್ವಭಾವದಂತೆ ನಾನೊಂದು ಪ್ರಶ್ನೆ ಎಸೆದೆ. ಅವರು ಸುಮ್ಮನಾದರು. ಗೆದ್ದೆನೆಂದು ಕೆಳಗಿಳಿದು ಉಂಡು ಮಲಗಿದೆ.

ಈಗ ಅವರ ವೈವಾದ ದಿನ ಬಂತು. ಕೊಟ್ಟ ಅವಧಿಯೆಲ್ಲ ತೀರಿತ್ತು. ಹೆಚ್ಚಿನ ಅವಧಿಯನ್ನೂ ಒಮ್ಮೆ ಬೇಡಿ ಪಡೆದಾಗಿತ್ತು. ಪರೀಕ್ಷಕರು ಈ ಸಲ ತಿದ್ದಿಕೊಂಡು ಬನ್ನಿ ಎಂದರೆ ಹೋದ ವರ್ಷಗಳೆಲ್ಲ ಹೋದಂತೆಯೇ. ಹಿಂದಿನ ದಿನ ಅಕ್ಕ ಕಂಪೌಂಡಿನಾಚೆ ನಿಂತು ನನ್ನನ್ನು ಕರೆದರು.

“ನಾಳೆ ಬರೂದಾದ್ರ ಬಾ ತಂಗಿ. ಬಾಯಿ ಮನ್ಯಾಗ ಇಟ್ಟು ಬಾ.”

ಮಾತು ಕೊಟ್ಟೆ. ಕೊಟ್ಟದ್ದನ್ನು ನಮ್ಮವ್ವ ನಂಬಲಿಲ್ಲ.

ಕೋಣೆಯ ಕೊನೆಯ ಸಾಲಿನಲ್ಲಿ ಸಲೀಮ್ ಭಾಯಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. ಅವರ ಪಕ್ಕದಲ್ಲಿ ನಾನು. ಮೈಸೂರು ಕಡೆಯಿಂದ ಬಂದಿದ್ದ ಪರೀಕ್ಷಕರು ವಯಸ್ಸಾದವರು. ಮೆತ್ತಗೆ ಮಾತಾಡುವ ಮನುಷ್ಯ. ಮೆತ್ತಗೆ ಮಾತಾಡುವವರನ್ನು ಕಂಡರೆ ಚರ್ಚಾಪಟುಗಳು ಹೆದರಬೇಕು ಎಂಬುದು ನನ್ನ ಅನುಭವ. ಅಕ್ಕ ಹೇಳುವುದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಅವರು ಕನ್ನಡಕ ತೆಗೆದರು.

“ಮಗು ಸುಮ್ಮನಿದೆ, ಸರಿ. ಅದಕ್ಕೆ ಪಾಠ ತಿಳಿದಿಲ್ಲ ಅಂತ ನೀವು ಹೇಗೆ ಹೇಳ್ತೀರಮ್ಮ? ಚೆನ್ನಾಗಿ ತಿಳಿದೂ ಸುಮ್ಮನಿರಬಹುದಲ್ಲ?”

ಅಕ್ಷರಕ್ಕೆ ಅಕ್ಷರ ಅದೇ ಪ್ರಶ್ನೆ. ಮಾಳಿಗೆಯ ಮೇಲೆ ನಾನು ಎಸೆದದ್ದು. ಅಕ್ಕ ಅವತ್ತಿನಂತೆಯೇ ಸುಮ್ಮನಾದರು. ಅಭಾವದ ವಾದ, ರುಜುವಾತಿನ ಹೊಣೆ, ಎಲ್ಲವೂ ನನ್ನ ನಾಲಿಗೆಯ ತುದಿಗೆ ಬಂದವು. ಎದ್ದು ನಿಂತು ಅವರ ಪರ ವಾದಿಸಲು ಕಾಲು ತುಡಿಯಿತು. ಸಲೀಮ್ ಭಾಯಿ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡರು.

“ಹೇಳಾಕ ಬರೂದಿಲ್ಲರಿ ಸರ್,” ಎಂದರು ಅಕ್ಕ. “ತಿಳದಿಲ್ಲ ಅಂತ ತಿಳಕೊಂಡೇ ನಾ ಇಡೀ ಅಧ್ಯಾಯ ಬರದಿದ್ದೆ. ನಮ್ಮ ಬಾಜೂ ಮನಿ ಹುಡುಗಿ ಒಬ್ಬಾಕಿ ಇದನ್ನ ಕೇಳಿದ್ಲು. ಮೂರು ದಿನ ನಿದ್ದಿ ಬರಲಿಲ್ಲ. ಆ ಅಧ್ಯಾಯ ತಗದ್ನಿ. ಮತ್ತ ಅದ ಸಾಲಿಗೋಳಿಗೆ ಹೋದ್ನಿ.”

ಒಂದು ವರ್ಷ. ಸುಮ್ಮನಿದ್ದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಬೇರೆ ಕರೆದು, ಹರಟೆ ಹೊಡೆದು, ಹೆದರಿಕೆ ಬಿಡಿಸಿ ಕೇಳಿದ್ದರು. ಕೆಲವರಿಗೆ ಪಾಠ ಖರೇನೇ ತಿಳಿದಿರಲಿಲ್ಲ. ಕೆಲವರಿಗೆ ತಿಳಿದಿತ್ತು, ತಿಳಿದೂ ಸುಮ್ಮನಿದ್ದದ್ದು ಪಕ್ಕದ ಗೆಳತಿಗೆ ತಿಳಿದಿಲ್ಲವೆಂದು ಗೊತ್ತಿದ್ದರಿಂದ, ತಾನೊಬ್ಬಳೇ ಜಾಣೆಯಾದರೆ ಆಕೆಗೆ ಹೇಗನ್ನಿಸೀತು ಎಂದು. ಇನ್ನು ತಿಳಿಯದೆಯೂ ಹ್ಞೂಂ ಎಂದವರು ಕೊಟ್ಟ ಕಾರಣವನ್ನು ಅಕ್ಕ ಮಕ್ಕಳ ಮಾತಿನಲ್ಲೇ ಓದಿದರು: “ಟೀಚರ್ ಅಷ್ಟೊತ್ತು ನಿಂತು ಹೇಳ್ಯಾರ್ರಿ. ತಿಳೀಲಿಲ್ಲ ಅಂದ್ರ ಬ್ಯಾಸರ ಮಾಡ್ಕೋತಾರ.”

ನಾವು ಅಜ್ಞಾನವೆಂದೋ ಅಂಜಿಕೆಯೆಂದೋ ಬರೆದು ಮುಗಿಸುವ ಜಾಗದಲ್ಲಿ ಹನ್ನೆರಡು ವರ್ಷದ ಮಕ್ಕಳ ಇಷ್ಟೊಂದು ದಾಕ್ಷಿಣ್ಯ ಅಡಗಿ ಕೂತಿತ್ತು. ಅದನ್ನು ಯಾವ ದೂರದರ್ಶಕವೂ ಕಂಡಿರಲಿಲ್ಲ. ನಾನು ಗೆಲ್ಲುವುದಕ್ಕೆಂದು ಎಸೆದ ಪ್ರಶ್ನೆಯನ್ನು ಒಬ್ಬರು ಉತ್ತರಿಸುವುದಕ್ಕೆಂದು ಎತ್ತಿಕೊಂಡು ಹೋಗಿದ್ದರು. ಪ್ರಶ್ನೆಗೆ ಹೀಗೂ ಒಂದು ಉಪಯೋಗವಿದೆ ಎಂಬುದು ನನಗೆ ಯಾವ ಸ್ಪರ್ಧೆಯಲ್ಲೂ ಯಾರೂ ಹೇಳಿರಲಿಲ್ಲ.

ಪರೀಕ್ಷಕರು ಕನ್ನಡಕ ಹಾಕಿಕೊಂಡು, ಆ ಹುಡುಗಿಗೆ ನನ್ನ ಲೆಕ್ಕದಲ್ಲಿ ಒಂದು ಚಹಾ ಕೊಡಿಸಿ ಎಂದರು. ಸಭಿಕರಲ್ಲಿ ಯಾರಿಗಾದರೂ ಪ್ರಶ್ನೆಗಳಿವೆಯೇ ಎಂದು ವಿಭಾಗದ ಮುಖ್ಯಸ್ಥರು ಕೇಳಿದಾಗ ಪರಿಚಿತ ಮುಖಗಳೆಲ್ಲ ನನ್ನ ಕಡೆ ತಿರುಗಿದವು. ನಾನು ಮಾತು ಉಳಿಸಿಕೊಂಡೆ. ಪರೀಕ್ಷಕರು ಒಳಗೆ ಹೋಗಿ ಬಂದು, ಪದವಿಗೆ ಶಿಫಾರಸು ಮಾಡಿದ್ದೇವೆ ಎಂದರು. ಸಲೀಮ್ ಭಾಯಿ ಕುರ್ಚಿಯ ಬೆನ್ನು ಬಿಟ್ಟರು.

ಹೊರಗೆ ವರಾಂಡದಲ್ಲಿ ಚಹಾ ಹಂಚುತ್ತಿದ್ದರು. ಈ ಒಂದು ವರ್ಷದ ಕಥೆಯನ್ನು ನನಗೇಕೆ ಹೇಳಲಿಲ್ಲ ಎಂದು ಅಕ್ಕನನ್ನು ಕೇಳಿದೆ.

“ಹೇಳಿದ್ರ ನೀ ಇನ್ನೊಂದು ಕೇಳತಿದ್ದಿ,” ಎಂದು ನಕ್ಕರು. “ನನ್ನ ಕಡೆ ಇನ್ನೊಂದು ವರ್ಷ ಇರಲಿಲ್ಲ ತಂಗಿ.” ಆಮೇಲೆ ನನ್ನ ಮುಖವನ್ನೇ ನೋಡಿದರು. “ಒಳಗೊಂದು ಕುಂತೈತಿ ಅಂತ ಕಾಣಸ್ತದ. ಈಗ ಕೇಳು. ಈಗ ಯಾರೂ ಏನೂ ಕಸಗೊಳ್ಳೂದಿಲ್ಲ.”

ಉತ್ತರ ಕೈಯಲ್ಲಿಲ್ಲದ ಪ್ರಶ್ನೆಯನ್ನು ಎದುರಾಳಿಗೆ ಕೇಳಬಾರದೆಂಬುದು ಚರ್ಚೆಯಲ್ಲೂ, ಕೋರ್ಟಿನಲ್ಲೂ ನಮಗೆ ಹೇಳಿಕೊಡುವ ಮೊದಲ ಪಾಠ. ಇದರ ಉತ್ತರ ನನಗೆ ಖರೇ ಗೊತ್ತಿರಲಿಲ್ಲ.

“ಮಕ್ಕಳು ತನ್ನ ಸಲುವಾಗಿ ಹ್ಞೂಂ ಅಂತಾರ ಅನ್ನೂದು ಟೀಚರಿಗೆ ಗೊತ್ತಿರತದೇನ್ರಿ ಅಕ್ಕಾ? ಗೊತ್ತಿದ್ದೂ ತಿಳೀತೇನು ಅಂತ ಕೇಳತಾರೇನು?”

ಅಕ್ಕನ ನಗು ಅರ್ಧಕ್ಕೆ ನಿಂತಿತು. ಎಷ್ಟು ವರ್ಷದಿಂದ ಎಷ್ಟು ತರಗತಿಗಳಿಗೆ ತಾವೇ ಹಾಗೆ ಕೇಳಿದ್ದರೋ, ಅವೆಲ್ಲ ಅವರ ಕಣ್ಣ ಮುಂದೆ ಹಾದುಹೋದಂತೆ ಕಂಡಿತು. ತುಂಬಿದ ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಗೊತ್ತಿಲ್ಲ ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಮರುಗಳಿಗೆಯಲ್ಲಿ ಜನರನ್ನು ಸರಿಸುತ್ತ, ಸರ್, ಒಂದ್ ನಿಮಿಷರಿ ಎನ್ನುತ್ತ, ಪರೀಕ್ಷಕರು ನಿಂತಿದ್ದ ಕಡೆ ಹೊರಟೇಹೋದರು.

ಸಲೀಮ್ ಭಾಯಿ ಕೈಯಲ್ಲಿ ಪೇಡೆಯ ಪೊಟ್ಟಣ ಹಿಡಿದು ಹೆಂಡತಿ ಹೋದ ದಿಕ್ಕನ್ನೇ ನೋಡುತ್ತಿದ್ದರು.

“ತಂಗೀ, ಇವತ್ತಿಗೆ ಮುಗೀತು ಅಂದಿದ್ಲಲ್ಲಾ ಇಕಿ?”

ಇಷ್ಟೊಂದು ಶಾಸ್ತ್ರಗಳು, ಅವಕ್ಕೆ ಇಷ್ಟೊಂದು ಕವಲುಗಳು ಯಾವಾಗ ಹೇಗೆ ಹಬ್ಬಿದವೆಂದು ಬೆರಗಾಗುತ್ತ ಬಂದವಳು ನಾನು. ಹೀಗೇ ಹಬ್ಬಿರಬೇಕು: ಅಂತೂ ಮುಗಿಯಿತೆಂದು ಮನೆಯವರು ಉಸಿರು ಬಿಡುವ ಹೊತ್ತಿಗೆ, ಕಟ್ಟೆಯ ಮೇಲಿಟ್ಟ ಒಂದು ಕಪ್ ಚಹಾ ಆರುವಷ್ಟರಲ್ಲಿ.